ಸಸ್ಯಾಹಾರಿಗಳ ಊಟಕ್ಕೆ ಸೋಯಾ ಸೀಖ್ ಕಬಾಬ್ ತರಬಹುದಾ?

ಕೆಂಡಸಂಪಿಗೆ:
ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಲ್ಲಿ ಪ್ರತಿ ನವೆಂಬರ್ 1ಕ್ಕೆ ಬಾವುಟ ಹಾರಿಸಿ, ಮಧ್ಯಾಹ್ನ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು ಒಟ್ಟಿಗೆ ಊಟ ಮಾಡ್ತೀವಿ. ಸಸ್ಯಾಹಾರ ಮಾತ್ರ. ಮಾಂಸ ತಿನ್ನೋ ಮನೆಯವರೂ ಇದನ್ನ ಒಪ್ಪಿ ನಡೆಸಿಕೊಂಡು ಬಂದಿದ್ದಾರೆ, ಯಾವತ್ತೂ ತಕರಾರು ಬಂದಿರಲಿಲ್ಲ.

ಈ ಸಲ ನಾಲ್ಕನೇ ಮಹಡಿಯ ಹುಡುಗ ಪಟ್ಟಿಯಲ್ಲಿ "ಪ್ಲಾಂಟ್ ಬೇಸ್ಡ್ ಸೀಖ್ ಕಬಾಬ್" ಅಂತ ಬರೆದ. ಸೂಪರ್ ಮಾರ್ಕೆಟ್ಟಿನ ಫ್ರೀಜರಲ್ಲಿ ಸಿಗುತ್ತಲ್ಲ, ಅದು. ಸೋಯಾ, ಬಟಾಣಿ ಪ್ರೋಟೀನು, ಎಣ್ಣೆ, ಮಸಾಲೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇದೆ. ಆ ಹುಡುಗ ಮಾಂಸ ಬಿಟ್ಟು ಸಸ್ಯಾಹಾರಿ ಆದವನು. ಬೇಡ ಅಂದವರು ಹುಟ್ಟಿನಿಂದ ಸಸ್ಯಾಹಾರಿಗಳು. "ನೋಡೋಕೂ ಮಾಂಸ, ರುಚೀನೂ ಮಾಂಸದ್ದು, ಅದನ್ನ ಕೋಸಂಬರಿ ಪಕ್ಕ ಇಡಬೇಡಿ" ಅಂತ ಒಂದು ಪಕ್ಷ. "ಯಾವ ಜೀವಾನೂ ಹೋಗಿಲ್ಲವಲ್ಲ, ಮತ್ತೇನು" ಅಂತ ಇನ್ನೊಂದು. ಎರಡೂ ಕಡೆ ಇರೋರು ಸಸ್ಯಾಹಾರಿಗಳೇ. ಊಟದ ಉಸ್ತುವಾರಿ ನನ್ನದು. ನೀವು ಇದನ್ನ ತಿಂತೀರಾ? ಯಾಕೆ, ಅಥವಾ ಯಾಕಿಲ್ಲ?

ಸೈಕಲ್ ಸವಾರ:
ಹಸಿರು ಚುಕ್ಕಿ ಇದೆ ತಾನೆ? ತರಲಿ ಬಿಡಿ.

ಧಾರವಾಡದಾಕಿ:
ಅಷ್ಟು ಸರಳ ಇಲ್ಲರೀ. ನಮ್ಮ ಮನ್ಯಾಗ ನಾವು ಲಿಂಗಾಯತರು, ಹುಟ್ಟಿದಾಗಿಂದ ಮಾಂಸದ ವಾಸನಿ ಸೈತ ಗೊತ್ತಿಲ್ಲ. ಮಗ ಒಮ್ಮೆ ಇಂಥಾದ್ದ ಪಾಕೀಟು ತಂದು ಹುರಿದಾ. ಬಾಯಾಗಿಟ್ಟರ ಎಳಿ ಎಳಿ ಬರ್ತಿತ್ತು, ನಾರು ಹಲ್ಲಿಗೆ ಸಿಕ್ಕೊಂಡು ಹೊಟ್ಟಿ ತೊಳಸಿಧಂಗಾತು. ಅದರಾಗ ಸೋಯಾನ ಐತಿ ಅಂತ ತಲಿಗೆ ಗೊತ್ತು, ಆದರ ಮೈ ಕೇಳಬೇಕಲ್ಲ? ನಾನು ಯಾರಿಗೂ ತಿನಬ್ಯಾಡ್ರಿ ಅನ್ನೂದಿಲ್ಲ. ನನ್ನ ತಾಟಿಗೆ ಹಾಕಬ್ಯಾಡ್ರಿ ಅಷ್ಟ. ಇದನ್ನ ಹಿಂದುಳಿದ ಯೋಚನೆ ಅಂತ ಹುಡುಗರು ಕರೆಯೂದು ನನಗ ಸೇರೂದಿಲ್ಲ.

ಮುದ್ದೆ_ಉಪ್ಸಾರು:
ಧಾರವಾಡದಕ್ಕ, ನಿಮ್ಮ ಮಾತು ಒಪ್ತೀನಿ. ಆದ್ರೆ ಇನ್ನೊಂದು ಕಡೆ ಕತೆ ನನ್ನಂಥೋರ ಬಾಯಿಂದ ಕೇಳಿ. ನಮ್ಮದು ಮಂಡ್ಯ ಕಡೆ. ಹಬ್ಬ, ದ್ಯಾವ್ರು, ನೆಂಟ್ರು, ಎಲ್ಲದಕ್ಕೂ ಬಾಡೂಟ. ಬೀಗರೂಟದಲ್ಲಿ ಬಾಡಿಲ್ಲ ಅಂದ್ರೆ ಮರ್ಯಾದೆನೇ ಹೋಯ್ತು. ನಾನು ಮರಿ ಸಾಕಿ, ಅದನ್ನೇ ಕುಯ್ಯೋದು ನೋಡಿ ಬಿಟ್ಟೋನು. ರುಚಿ ಸೇರ್ದೆ ಬಿಟ್ಟಿದ್ದಲ್ಲ. ಖಾರ ರುಬ್ಬಿದ ಘಮ ಬಂದ್ರೆ ಈಗ್ಲೂ ನೀರೂರುತ್ತೆ. ಆ ಮಸಾಲೆಗೆ ಸೋಯಾ ಉಂಡೆ ಹಾಕಿ ಸಾರು ಮಾಡ್ಕೊಂಡು ಮುದ್ದೆ ಜೊತೆ ಉಂಡ್ರೆ ನನಗೆ ನಮ್ಮವ್ವನ ಅಡುಗೆ ಮನೆ ಸಿಗುತ್ತೆ. ಸೋಯಾ ಕೈಮ ಉಂಡೆ ಮಾಡಿ ಹಬ್ಬದ ದಿನ ಎಲ್ಲರ ಜೊತೆ ಪಂಕ್ತೀಲಿ ಕೂರ್ತೀನಿ. ಇದೂ ಬೇಡ ಅಂದ್ರೆ ಹಬ್ಬದಲ್ಲಿ ನಾನೊಬ್ಬನೇ ಮೊಸರನ್ನ ತಿನ್ಬೇಕು. ಮಾಂಸ ಬಿಟ್ಟೋರಿಗೆ ದಾರಿ ಸುಲಭ ಆದ್ರೆ ಇನ್ನೂ ನಾಕು ಜನ ಬಿಡ್ತಾರೆ. ಹುಟ್ಟಾ ಸಸ್ಯಾಹಾರಿಗಳಿಗೆ ಇದು ಖುಷಿ ವಿಷಯ ಆಗ್ಬೇಕಲ್ವಾ?

ಧಾರವಾಡದಾಕಿ:
ನಿಮ್ಮಂಥಾವರ ಬಗ್ಗೆ ನನಗ ಗೌರವ ಐತಿ ಅಣ್ಣಾ. ಬಿಟ್ಟಿದ್ದು ದೊಡ್ಡದು. ನಾ ಬಿಡೂದು ಅನ್ನೂದ ಬರಲಿಲ್ಲ, ನನಗ ಹುಟ್ಟಿನಿಂದ ಸಿಕ್ಕದ್ದು ಅದು.

ತುಂಗಾತೀರ:
"ಮಾಂಸದ ಹಾಗೆ ಕಾಣುತ್ತೆ, ಅದಕ್ಕೆ ಬೇಡ" ಅನ್ನೋದು ಫ್ರೀಜರ್ ಪ್ಯಾಕೆಟ್ ಬಂದ ಮೇಲೆ ಹುಟ್ಟಿದ ವಾದ ಅಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಚನ್ನಂಗಿ ಬೇಳೆ ಒಳಗೆ ಬರ್ತಿರಲಿಲ್ಲ. ಕೆಂಪು ಬಣ್ಣ ರಕ್ತ ಮಾಂಸ ನೆನಪಿಸುತ್ತೆ ಅಂತ. ಬೀಟ್‌ರೂಟಿಗೂ ಎಷ್ಟೋ ಮಡಿ ಮನೆಗಳಲ್ಲಿ ಅದೇ ಗತಿ. ಚಾತುರ್ಮಾಸ್ಯದ ದ್ವಿದಳ ವ್ರತದಲ್ಲಂತೂ ಬೇಳೆಕಾಳೇ ಇಲ್ಲ, ಆಗ ಸೋಯಾ ಮಾತೇ ಬರೋದಿಲ್ಲ. ನಾನು ಹೇಳೋದು ಇಷ್ಟೆ: ಸಸ್ಯಾಹಾರ ಅಂದ್ರೆ ಕೆಲವರಿಗೆ ಅಹಿಂಸೆ, ಕೆಲವರಿಗೆ ಮಡಿ, ಇನ್ನು ಕೆಲವರಿಗೆ ಬೆಳೆದು ಬಂದ ಅಭ್ಯಾಸ. ಅಹಿಂಸೆಯಿಂದ ಬಂದವರಿಗೆ ಕಬಾಬ್ ಸರಿ. ಮಡಿಯಿಂದ ಬಂದವರಿಗೆ ಅದರ ನೆನಪೂ ಸರಿಯಲ್ಲ. ಒಂದೇ ಹಸಿರು ಚುಕ್ಕಿ ಈ ಮೂವರಿಗೂ ಉತ್ತರ ಕೊಡೋದಿಲ್ಲ.

ಹಳಗನ್ನಡ ಪ್ರೇಮಿ:
ತುಂಗಾತೀರ ಅವರು ಹೇಳಿದ್ದಕ್ಕಿಂತ ಹಳೆಯ ಸಾಕ್ಷಿ ಕನ್ನಡದಲ್ಲೇ ಇದೆ. ಈ ಪ್ರಶ್ನೆಯನ್ನ ಎಂಟುನೂರು ವರ್ಷದ ಹಿಂದೆಯೇ ಜನ್ನ ಎತ್ತಿದ್ದಾನೆ. 1209ರ ಯಶೋಧರ ಚರಿತೆ. ಕೆಟ್ಟ ಕನಸು ಬಿತ್ತು ಅಂತ ರಾಜ ತಾಯಿಗೆ ಹೇಳ್ತಾನೆ. ತಾಯಿ ಚಂದ್ರಮತಿ, ಶಾಂತಿಗಾಗಿ ದೇವಿಗೆ ಪ್ರಾಣಿ ಬಲಿ ಕೊಡು ಅಂತಾಳೆ. ಜೀವ ತೆಗೆಯಲಾರೆ ಅಂತಾನೆ ಅವನು. ಕೊನೆಗೆ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿ ಮಾಡಿಸಿ ಅದನ್ನ ಕಡೀತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತೆ! ಆ ಒಂದು ಕೆಲಸಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಅಂತ ಜನ್ಮದ ಮೇಲೆ ಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯ್ತಾರೆ.

ನಿಜವಾದ ಕೋಳಿಯ ಒಂದು ಗರಿಯೂ ಉದುರಿಲ್ಲ. ಆದರೂ ಪಾಪ. ಯಾಕಂದ್ರೆ ಮನಸ್ಸು ಕೋಳಿಯನ್ನೇ ಕಡಿದಿತ್ತು. ಸಂಕಲ್ಪ ಹಿಂಸೆ ಅನ್ನೋದು ಇದನ್ನೇ. ಸೋಯಾ ಕಬಾಬ್ ತಿನ್ನೋರು ಈ ಪ್ರಶ್ನೆಯನ್ನ ಒಮ್ಮೆ ತಮಗೆ ತಾವೇ ಕೇಳಿಕೊಳ್ಳಲಿ.

ಬಸದಿ ಬೀದಿ:
ನಾನು ಜೈನ. ಇದಕ್ಕೆ ಉತ್ತರ ಬರೆಯಲೇಬೇಕು. ನಮ್ಮಲ್ಲಿ ದ್ರವ್ಯಹಿಂಸೆ, ಭಾವಹಿಂಸೆ ಅಂತ ಎರಡು. ಕೈಯಿಂದ ಆಗೋದು ಮೊದಲನೇದು, ಭಾವದಲ್ಲಿ ಆಗೋದು ಎರಡನೇದು. ಯಶೋಧರ ಆ ಕೋಳಿಯನ್ನ ಬಲಿ ಅಂತಲೇ ಕೊಟ್ಟ, ಕೊಂದ ಫಲ ಬರಲಿ ಅಂತಲೇ ಕೊಟ್ಟ. ದೋಷ ಇರೋದು ಅಲ್ಲಿ. ಕಬಾಬ್ ತರ್ತಿರೋ ಹುಡುಗ ಕೊಲ್ಲಬಾರದು ಅಂತ ಸೋಯಾ ಆರಿಸಿಕೊಂಡವನು. ಅವನ ಭಾವ ಯಶೋಧರನದಕ್ಕೆ ನೇರ ಉಲ್ಟಾ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಆ ಕಥೆಗೇ ಅನ್ಯಾಯ.

ಹೀಗಂತ ನಾನು ತಿಂತೀನಾ ಅಂದ್ರೆ, ಇಲ್ಲ. ಇವುಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಪುಡಿ ಇದ್ದೇ ಇರುತ್ತೆ, ಕೆಲವದರಲ್ಲಿ ಅಣಬೆ. ನಮಗೆ ಅಲ್ಲಿಗೇ ಮುಗಿಯಿತು. ರುಚಿಯ ಆಸೆಯನ್ನ ಹೊಸ ರೂಪದಲ್ಲಿ ಸಾಕೋದೂ ನನಗೆ ಹಿಡಿಸೋದಿಲ್ಲ.

ಹಳಗನ್ನಡ ಪ್ರೇಮಿ:
ಬಸದಿ ಬೀದಿಯವರೆ, ನಿಮ್ಮ ಕೊನೆಯ ಸಾಲೇ ನನ್ನ ವಾದ. ಆಸೆ ಉಳಿಯಿತಲ್ಲ?

ಮುದ್ದೆ_ಉಪ್ಸಾರು:
ಆಸೆ ಉಳಿದ್ರೂ ಕುರಿ ಉಳೀತು ಸಾರ್. ನನಗೆ ಅದು ಸಾಕು.

ಉಡುಪಿ ರಥಬೀದಿ:
ಹಿಟ್ಟಿನ ಕೋಳಿಗೆ ಶಾಪ ಆದ ಕಥೆ ಹೇಳಿದಿರಿ. ಅದೇ ಹಿಟ್ಟು ವರ ಆದದ್ದೂ ನಮ್ಮ ನಾಡಿನಲ್ಲೇ. ಮಧ್ವಾಚಾರ್ಯರು ಯಜ್ಞದಲ್ಲಿ ಜೀವಂತ ಪಶುವಿನ ಬದಲು ಪಿಷ್ಟಪಶು, ಅಂದರೆ ಹಿಟ್ಟಿನಿಂದ ಮಾಡಿದ ಪಶುವೇ ಸಾಕು ಅಂದರು. ಆಯುಧಪೂಜೆಗೆ ಗಾಡಿ ಮುಂದೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುತ್ತೇವಲ್ಲ, ಅದು ಯಾವುದರ ಬದಲಿ ಅಂತ ಯೋಚಿಸಿದ್ದೀರಾ? ಬದಲಿ ಇಟ್ಟು ಹಿಂಸೆ ಬಿಡಿಸುವುದು ನಮ್ಮ ಹಳೆಯ ಉಪಾಯ.

ತುಂಗಾತೀರ:
ಪಿಷ್ಟಪಶು ವಿಧಿಗೆ, ನಾಲಿಗೆ ಚಪಲಕ್ಕಲ್ಲ. ಎರಡನ್ನೂ ಒಂದೇ ಮಾಡಬೇಡಿ.

ಉಡುಪಿ ರಥಬೀದಿ:
ಒಪ್ಪಿದೆ. ಆದರೆ ಬದಲಿ ಅನ್ನುವ ಯೋಚನೆಯೇ ಹೊಲಸು ಅಂತ ಹೇಳಬೇಡಿ ಅಂದದ್ದು ನಾನು.

ಪಿಜಿ_ಹುಡುಗ:
ಇಷ್ಟೆಲ್ಲ ಪುರಾಣ ಓದಿ ತಲೆ ತಿರುಗಿತು. ನಮ್ಮ ಪಿಜಿಯಲ್ಲಿ ವಾರಕ್ಕೊಮ್ಮೆ ಮೀಲ್ ಮೇಕರ್ (ಅದೇ ಸೋಯಾ ಉಂಡೆ) ಪಲಾವ್ ಹಾಕ್ತಾರೆ. ಬ್ರಾಹ್ಮಣ, ಜೈನ, ಲಿಂಗಾಯತ, ಎಲ್ಲ ಹುಡುಗರೂ ತಿಂತಾರೆ. ಮೀಲ್ ಮೇಕರ್ ಕೂಡ ಮಾಂಸದ ಬದಲಿಗೇ ಹುಟ್ಟಿದ್ದು. ಅದು ಸರಿ, ಕಬಾಬ್ ತಪ್ಪಾ?

ಒಗ್ಗರಣೆ ಅಕ್ಕ:
ಒಳ್ಳೇ ಪ್ರಶ್ನೆ. ಮೀಲ್ ಮೇಕರ್ ನಮ್ಮ ಅಡುಗೆಮನೆಗೆ ತರಕಾರಿ ಥರ ಬಂದು ಸೇರಿಕೊಂಡಿತು. ಪಲಾವ್, ಕುರ್ಮಾ, ಸಾಗು, ಎಲ್ಲದಕ್ಕೂ ಹಾಕ್ತೀವಿ. ಅದು ಮಾಂಸ ಅಂತ ನಟಿಸೋದಿಲ್ಲ. ಹೊಸ ಪ್ಯಾಕೆಟ್‌ಗಳು ನಾರು, ಬಣ್ಣ, ಕೊಬ್ಬು, ವಾಸನೆ ಎಲ್ಲವನ್ನೂ ಹಾಗೇ ತರೋಕೆ ಹೊರಟಿವೆ. ವ್ಯತ್ಯಾಸ ಅಲ್ಲಿದೆ. ಗೋಬಿ ಮಂಚೂರಿ ಯಾರೂ ಬೇಡ ಅನ್ನಲ್ಲ, ಯಾಕಂದ್ರೆ ಕಚ್ಚಿದಾಗ ಅದು ಹೂಕೋಸೇ.

ಸಾಫ್ಟ್‌ವೇರ್ ಸಂಸಾರಿ:
ಆರೋಗ್ಯದ ಬಗ್ಗೆ ಯಾರೂ ಮಾತಾಡ್ತಿಲ್ಲ. ಇದೆಲ್ಲ ಬರೀ ಕೆಮಿಕಲ್. ಗಂಡಸರು ಸೋಯಾ ತಿಂದ್ರೆ ಹಾರ್ಮೋನ್ ಕೆಡುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು.

ಮೈಸೂರು ಪ್ರಯೋಗಶಾಲೆ:
ಆಹಾರ ತಂತ್ರಜ್ಞಾನ ಓದಿ ಅದೇ ಕೆಲಸ ಮಾಡ್ತಿದ್ದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಸೋಯಾ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಟ್ಟನ್ನ ನೀರಿನ ಜೊತೆ ಎಕ್ಸ್‌ಟ್ರೂಡರ್ ಅನ್ನೋ ಯಂತ್ರಕ್ಕೆ ಹಾಕ್ತಾರೆ. ಒಳಗೆ ಹೆಚ್ಚು ಶಾಖ, ಹೆಚ್ಚು ಒತ್ತಡ. ಸಣ್ಣ ಬಾಯಿಂದ ಹೊರಗೆ ಬಂದ ಕೂಡಲೇ ಒತ್ತಡ ಇಳಿದು, ನೀರು ಆವಿಯಾಗಿ, ಹಿಟ್ಟು ಉಬ್ಬಿ ತೂತುತೂತಾಗುತ್ತೆ. ಮೀಲ್ ಮೇಕರ್ ಅಂದ್ರೆ ಇಷ್ಟೇ. ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದ ವಿಧಾನ. ಹೊಸ ಕಬಾಬ್‌ಗಳಲ್ಲಿ ಹೆಚ್ಚು ತೇವ ಇಟ್ಟು, ಹೊರಬರುವಾಗ ನಿಧಾನಕ್ಕೆ ತಣಿಸ್ತಾರೆ. ಆಗ ಪ್ರೋಟೀನು ಉದ್ದುದ್ದ ನಾರಾಗಿ ಕೂರುತ್ತೆ. ಧಾರವಾಡದ ಅಕ್ಕ ಹೇಳಿದ ಎಳೆ ಅದೇ.

ಒಣ ಸೋಯಾ ಉಂಡೆಯಲ್ಲಿ 100 ಗ್ರಾಂಗೆ ಸುಮಾರು 52 ಗ್ರಾಂ ಪ್ರೋಟೀನು. ತೊಗರಿ ಬೇಳೆಯಲ್ಲಿ ಸುಮಾರು 22. ಆದರೆ ಉಂಡೆ ನೆನೆದ ಮೇಲೆ ತೂಕ ಎರಡು ಮೂರು ಪಟ್ಟಾಗುತ್ತೆ. ತಟ್ಟೆಯಲ್ಲಿರೋ ನೂರು ಗ್ರಾಂ ಬೆಂದ ಉಂಡೆಯಲ್ಲಿ 52 ಇರಲ್ಲ. ಜಿಮ್ ಹುಡುಗರು ಈ ಲೆಕ್ಕದಲ್ಲಿ ಎಡವ್ತಾರೆ.

ಗಂಡಸರ ಹಾರ್ಮೋನ್ ವಿಷಯ: ಸಾಮಾನ್ಯ ಪ್ರಮಾಣದಲ್ಲಿ ತಿಂದರೆ ಟೆಸ್ಟೋಸ್ಟೆರಾನ್ ಇಳಿಯಲ್ಲ ಅಂತ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಎಚ್ಚರ ಬೇಕಾಗಿರೋದು ಥೈರಾಯ್ಡ್ ಮಾತ್ರೆ ತಗೊಳ್ಳೋರಿಗೆ. ಸೋಯಾ ಆ ಔಷಧಿ ಹೀರಿಕೊಳ್ಳೋದನ್ನ ಕಡಿಮೆ ಮಾಡುತ್ತೆ, ಮಾತ್ರೆಗೂ ಸೋಯಾಗೂ ನಡುವೆ ಕೆಲವು ಗಂಟೆ ಬಿಡಿ. ಇನ್ನು ಫ್ರೀಜರ್ ಕಬಾಬ್ ಕೊಳ್ಳುವಾಗ ಪ್ಯಾಕೆಟ್ ಹಿಂಭಾಗದಲ್ಲಿ ಸೋಡಿಯಂ ನೋಡಿ. ಬಿಪಿ ಇರೋರು ದಿನಾ ತಿನ್ನೋ ಪದಾರ್ಥ ಅಲ್ಲ ಅದು.

ಸಾಫ್ಟ್‌ವೇರ್ ಸಂಸಾರಿ:
ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಅಮ್ಮ ಥೈರಾಯ್ಡ್ ಮಾತ್ರೆ ತಗೋತಾರೆ, ಹೇಳ್ತೀನಿ.

ಒಗ್ಗರಣೆ ಅಕ್ಕ:
ಗಾಂಧೀಜಿ ಕೂಡ 1935ರಲ್ಲಿ ವಾರ್ಧಾದ ಮಗನವಾಡಿಯಲ್ಲಿ ಸೋಯಾ ಊಟದ ಪ್ರಯೋಗ ಮಾಡಿಸಿದ್ದರು, ಬಡವರಿಗೆ ಪ್ರೋಟೀನು ಅಗ್ಗಕ್ಕೆ ಸಿಗಲಿ ಅಂತ. ಅವರು ಅದನ್ನ ಕಾಳಾಗಿಯೇ ತಿಂದರು, ಕಬಾಬ್ ಮಾಡಲಿಲ್ಲ.

ಗುಜ್ಜೆಪ್ರಿಯ:
ಮಾರಾಯ್ರೆ, ಪ್ಯಾಕೆಟ್ ಯಾಕೆ ಬೇಕು? ನಮ್ಮ ದಕ್ಷಿಣ ಕನ್ನಡಕ್ಕೆ ಬನ್ನಿ. ಎಳೆ ಗುಜ್ಜೆ, ಅಂದರೆ ಹಲಸಿನ ಎಳೆಕಾಯಿ ಕೊಚ್ಚಿ, ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಹುರಿದು ರುಬ್ಬಿ ಸುಕ್ಕ ಮಾಡಿದರೆ ಮಾಂಸ ತಿನ್ನುವವರೂ ಎರಡು ಸಲ ಬಡಿಸಿಕೊಳ್ಳುತ್ತಾರೆ. ಜೀಗುಜ್ಜೆ (ದಿವಿಹಲಸು) ತೆಳ್ಳಗೆ ಹೆಚ್ಚಿ, ಮೆಣಸಿನ ಪುಡಿ ಇಂಗು ಉಪ್ಪು ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಕಾಯಿಸಿದರೆ ಕೊಂಕಣಿಯವರ ಫೋಡಿ. ಮೀನು ತಿನ್ನುವ ಮನೆಗಳಲ್ಲಿ ಸೋಮವಾರ, ಚೌತಿ ದಿನ ಮೀನಿನ ಜಾಗದಲ್ಲಿ ಇದೇ ಕೂರುವುದು. ಸುವರ್ಣಗೆಡ್ಡೆಯದ್ದೂ ಹಾಗೇ ಮಾಡಬಹುದು. ಬಂಗಾಳದಲ್ಲಂತೂ ಎಳೆ ಹಲಸನ್ನು ಮರದ ಮೇಕೆ ಅಂತಲೇ ಕರೆಯುತ್ತಾರೆ.

ಮೈಸೂರು ಪ್ರಯೋಗಶಾಲೆ:
ರುಚಿಗೆ ಗುಜ್ಜೆ ಸರಿ. ಪ್ರೋಟೀನಿಗೆ ಅಲ್ಲ. ಅದರಲ್ಲಿ ಪ್ರೋಟೀನು ತೀರಾ ಕಡಿಮೆ. ಜೊತೆಗೆ ಕಡಲೆಯೋ ಬೇಳೆಯೋ ಇರಲಿ.

ಗುಜ್ಜೆಪ್ರಿಯ:
ಗುಜ್ಜೆಗೆ ಕಡಲೆ ಹಾಕಿಯೇ ಮಾಡುವುದು ನಾವು!

ಎಡಿಸನ್_ಕನ್ನಡಿಗ:
ನ್ಯೂಜೆರ್ಸಿಯಿಂದ. ಇಲ್ಲಿ ಈ ಪ್ರಶ್ನೆ ಬೇರೆ ಥರ ಬರುತ್ತೆ. ಆಫೀಸ್ ಪಾರ್ಟಿಯಲ್ಲಿ ಮೊದಲೆಲ್ಲ ನಮಗೆ ಸಲಾಡ್, ಆಲೂ ಫ್ರೈ ಅಷ್ಟೇ ಗತಿ. ಬಿಯಾಂಡ್, ಇಂಪಾಸಿಬಲ್ ಅನ್ನೋ ಬದಲಿ ಮಾಂಸದ ಬ್ರ್ಯಾಂಡ್‌ಗಳು ಬಂದ ಮೇಲೆ ಹೊಟ್ಟೆ ತುಂಬೋ ಒಂದು ತಿಂಡಿ ಸಿಕ್ಕಿದ್ದು ನಿಜ. ಆದರೆ ಇಂಪಾಸಿಬಲ್‌ನಲ್ಲಿ ರಕ್ತದಂಥ ಬಣ್ಣ ರುಚಿ ಬರಲಿ ಅಂತ ಹೀಮ್ ಹಾಕ್ತಾರೆ. ಸೋಯಾ ಬೇರಿನ ಗಂಟಿನಲ್ಲಿರೋ ಪ್ರೋಟೀನನ್ನ ಯೀಸ್ಟ್‌ನಿಂದ ತಯಾರಿಸಿದ್ದು, ಪ್ರಾಣಿಯದ್ದಲ್ಲ. ಅಷ್ಟು ಗೊತ್ತಿದ್ದೂ ನನ್ನ ಹೆಂಡತಿ ಒಂದು ತುತ್ತಿಗೆ ನಿಲ್ಲಿಸಿದಳು. ಮಕ್ಕಳು ಚಪ್ಪರಿಸಿಕೊಂಡು ತಿಂತಾರೆ. ಒಂದೇ ಮನೆ ನೋಡಿ. ನನಗೆ ಹುರುಳಿಯ ಪ್ಯಾಟಿ ಇದ್ದರೆ ಸಾಕು, ಕಾಳು ಕಾಳಾಗೇ ಕಾಣುತ್ತೆ.

ಹೊರದೇಶದಲ್ಲಿರೋರು ಎರಡು ವಿಷಯ ನೋಡಲೇಬೇಕು. ಮೊದಲು ಕಾವಲಿ. ಬರ್ಗರ್ ಕಿಂಗ್‌ನವರು 2019ರಲ್ಲಿ ಇಂಪಾಸಿಬಲ್ ಬರ್ಗರ್ ತಂದಾಗ ಮಾಂಸ ಸುಡೋ ಜಾಗದಲ್ಲೇ ಇದನ್ನೂ ಸುಡ್ತಾರೆ ಅಂತ ಇಲ್ಲಿ ಕೋರ್ಟ್ ಕೇಸೇ ಆಯಿತು. ಕೇಳಿಕೊಂಡರೆ ಬೇರೆ ಮಾಡಿ ಕೊಡ್ತಾರೆ. ಇನ್ನೊಂದು ಮೊಟ್ಟೆ. ಕ್ವಾರ್ನ್ ಅಂತ ಇಂಗ್ಲೆಂಡಿನ ಹೆಸರಾಂತ ಬದಲಿ ಮಾಂಸ, ಶಿಲೀಂಧ್ರದ್ದು. ಅದರ ಎಷ್ಟೋ ಪದಾರ್ಥಗಳಲ್ಲಿ ಅಂಟಿಗೆ ಮೊಟ್ಟೆಯ ಬಿಳಿ ಹಾಕಿರ್ತಾರೆ. ಅಲ್ಲಿ ಅದು ಸಸ್ಯಾಹಾರ, ನಮಗೆ ಅಲ್ಲ. ವೀಗನ್ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ.

ಸೈಕಲ್ ಸವಾರ:
ಇಂಡಿಯಾದಲ್ಲಿ ಆ ಗೊಂದಲ ಇಲ್ಲ. ಮೊಟ್ಟೆ ಇದ್ದರೆ ಹಸಿರು ಚುಕ್ಕಿ ಹಾಕೋ ಹಾಗೇ ಇಲ್ಲ.

ಸಿಂಗಪುರದಿಂದ ಶಶಿ:
ಇಲ್ಲಿನ ಚೀನಿ ಸಸ್ಯಾಹಾರಿ ಅಂಗಡಿಗಳಲ್ಲಿ ಗೋಧಿ ಅಂಟು, ಸೋಯಾ ಹಾಲಿನ ಕೆನೆ, ಅಣಬೆಯಿಂದ ಬಾತುಕೋಳಿ, ಮೀನು, ಹಂದಿ ಎಲ್ಲದರ ನಕಲೂ ಮಾಡಿಟ್ಟಿರ್ತಾರೆ. ಬೌದ್ಧ ವಿಹಾರಗಳಲ್ಲಿ ಶತಮಾನಗಳಿಂದ ಬಂದ ಅಡುಗೆ. ಮಾಂಸ ತಿನ್ನೋ ಭಕ್ತರು, ಅತಿಥಿಗಳು ಬಂದಾಗ ಅವರಿಗೂ ಒಗ್ಗೋ ಊಟ ಹಾಕೋಕೆ ಬೆಳೆದದ್ದು. ಆದರೆ ಅದೇ ಬೌದ್ಧರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟೋದಿಲ್ಲ! ನಮ್ಮ ಮಠದ ಊಟದಷ್ಟೇ ಕಟ್ಟುನಿಟ್ಟು. ಅಲ್ಲಿ ಆಕಾರ ಯಾರಿಗೂ ತೊಂದರೆ ಅಲ್ಲ, ಬೆಳ್ಳುಳ್ಳಿ ತೊಂದರೆ. ನಮ್ಮ ಮನಸ್ಸಿಗೆ ಆಗದ್ದನ್ನ ಧರ್ಮಕ್ಕೇ ಆಗೋದಿಲ್ಲ ಅಂತ ಹೇಳಬಾರದು ಅಂತ ನನಗೆ ಅನ್ನಿಸಿದ್ದು ಅಲ್ಲಿ ಊಟ ಮಾಡಿದ ಮೇಲೆ.

ಬಿರಿಯಾನಿ ಭಾನುವಾರ:
ನಾನು ಮಾಂಸಾಹಾರಿ, ಒಂದು ಮಾತು ಹೇಳ್ಲಾ? ನಮ್ಮ ಅಪಾರ್ಟ್‌ಮೆಂಟಲ್ಲೂ ಸಸ್ಯಾಹಾರಿ ಪಾಟ್‌ಲಕ್ ಇರುತ್ತೆ, ನಾವು ಗೌರವ ಕೊಟ್ಟು ಚಿತ್ರಾನ್ನ, ಹೋಳಿಗೆ ತರ್ತೀವಿ. ಸೋಯಾ ಕಬಾಬನ್ನೂ "ಮಾಂಸದ ಥರ ಹೊಲಸು" ಅಂತ ಎದುರಿಗೇ ಅಂದ್ರೆ, ನಮ್ಮ ಮನೆ ದಿನದ ಊಟವನ್ನೇ ಹೊಲಸು ಅಂದ ಹಾಗಾಗುತ್ತೆ. ನಮ್ಮ ಮಕ್ಕಳೂ ಅಲ್ಲೇ ಕೂತಿರ್ತಾರೆ. ಬೇಡ ಅನ್ನಿ, ಇಷ್ಟ ಇಲ್ಲ ಅನ್ನಿ. ಆ ಪದ ಬೇಡ.

ತುಂಗಾತೀರ:
ಇದು ಸರಿಯಾದ ಮಾತು. ಊಟದ ಮನೆಯಲ್ಲಿ ಆ ಪದ ಯಾರ ಬಾಯಿಂದಲೂ ಬರಬಾರದು.

ಧಾರವಾಡದಾಕಿ:
ಖರೇ ಐತಿ.

ಪಿಜಿ_ಹುಡುಗ:
ಬೆಲೆ ಯಾರೂ ಹೇಳಲಿಲ್ಲ. ಫ್ರೀಜರ್ ಕಬಾಬ್ ಒಂದು ಸಣ್ಣ ಪ್ಯಾಕೆಟ್ ದುಡ್ಡಿಗೆ ಮೀಲ್ ಮೇಕರ್ ತಿಂಗಳಿಗಾಗೋಷ್ಟು ಬರುತ್ತೆ. ಸಿನಿಮಾದವರು, ಕ್ರಿಕೆಟಿಗರು ದುಡ್ಡು ಹಾಕಿದ ಕಂಪನಿಗಳಿವೆ, ಆದರೂ ನಮ್ಮಂಥೋರ ಕೈಗೆ ಎಟುಕೋ ಬೆಲೆಗೆ ಬಂದಿಲ್ಲ. ಮಾಂಸ ಬಿಡೋರಿಗೆ ದಾರಿ ಅಂತೀರಿ, ಮಾಂಸಕ್ಕಿಂತ ದುಬಾರಿ ಆದ್ರೆ ಯಾರು ಬಿಡ್ತಾರೆ?

ಮುದ್ದೆ_ಉಪ್ಸಾರು:
ಅದಕ್ಕೇ ನಾನು ಪ್ಯಾಕೆಟ್ ಬಿಟ್ಟು ಮೀಲ್ ಮೇಕರ್ ಹಿಡ್ಕೊಂಡಿರೋದು ತಮ್ಮ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಇನ್ನೊಂದು ಸಲ ತಣ್ಣೀರಲ್ಲಿ ಹಿಂಡು. ಸೋಯಾ ವಾಸನೆ ಹೋಗುತ್ತೆ. ಆಮೇಲೆ ಮೊಸರು, ಅರಿಶಿನ, ಶುಂಠಿ ಬೆಳ್ಳುಳ್ಳಿ ಹಾಕಿ ಒಂದು ಗಂಟೆ ಬಿಡು. ಒಣಗಿದ್ದನ್ನ ಹಾಗೇ ಸಾರಿಗೆ ಹಾಕ್ಬೇಡ, ಒಳಗೆ ಸಪ್ಪೆ ಉಳಿಯುತ್ತೆ.

ಹಳಗನ್ನಡ ಪ್ರೇಮಿ:
ಒಂದು ವಿಷಯ ಸೇರಿಸ್ತೀನಿ. ಸಿಹಿ ತಿಂಡಿ ಮೇಲೆ ಅಂಟಿಸೋ ಬೆಳ್ಳಿ ಹಾಳೆಯನ್ನ ಪ್ರಾಣಿಯ ಕರುಳಿನ ಪದರಗಳ ನಡುವೆ ಇಟ್ಟು ಬಡಿದು ಮಾಡ್ತಿದ್ದರು. 2016ರಲ್ಲಿ ಸರ್ಕಾರ ಅದನ್ನ ನಿಷೇಧಿಸಿತು. ಅದಕ್ಕೂ ಮುಂಚೆ ಹಬ್ಬ ಹಬ್ಬಕ್ಕೂ ಅದನ್ನ ತಿಂದವರು ಸಸ್ಯಾಹಾರಿಗಳೇ. ಕಣ್ಣಿಗೆ ಮಾಂಸದ ಹಾಗೆ ಕಾಣೋದರ ಬಗ್ಗೆ ಇಷ್ಟು ಚರ್ಚೆ ಮಾಡೋ ನಾವು, ಕಾಣದೇ ಇರೋದನ್ನ ವಿಚಾರಿಸೋದು ಕಡಿಮೆ. ನನ್ನ ಹಿಟ್ಟಿನ ಕೋಳಿ ವಾದ ನಾನು ಬಿಡಲ್ಲ, ಆದರೆ ಇದನ್ನೂ ಹೇಳಲೇಬೇಕು.

ಕೆಂಡಸಂಪಿಗೆ:
ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ನಮ್ಮ ಸಮಿತಿ ಕೂತು ಮಾತಾಡಿತು. ಹುಡುಗ ಕಬಾಬ್ ತರ್ತಾನೆ. ಬೇರೆ ಮೇಜು, ಬೇರೆ ಸೌಟು. ಕಾಯಿಸೋದು ಅವನ ಮನೆಯ ಕಾವಲಿಯಲ್ಲೇ, ಬಜ್ಜಿ ಕರಿಯೋ ಬಾಣಲೆಗೆ ಹಾಕಲ್ಲ. ಮುಂದೆ ಒಂದು ಚೀಟಿ: ಏನು, ಏನೇನು ಹಾಕಿದೆ. ಬಡಿಸಿಕೊಂಡು ಬರೋ ಪಂಕ್ತಿಯಲ್ಲಿ ಅದು ಬರಲ್ಲ, ಬೇಕಾದವರು ಎದ್ದು ಹೋಗಿ ಹಾಕಿಕೊಳ್ಳಬೇಕು. ಬೇಡ ಅಂದಿದ್ದ ಮನೆಯವರಲ್ಲಿ ಇಬ್ಬರು ಒಪ್ಪಿದರು, ಒಬ್ಬರು ಈ ಸಲ ಬರಲ್ಲ ಅಂದಿದ್ದಾರೆ. ಅವರ ಮನೆಗೆ ನಾಳೆ ನಾನೇ ಹೋಗಿ ಕರೀತೀನಿ.

ಬಸದಿ ಬೀದಿ:
ಅವರನ್ನ ವಾದ ಮಾಡಿ ಗೆಲ್ಲೋಕೆ ಹೋಗಬೇಡಿ. ಊಟದ ಮೊದಲ ಪಂಕ್ತಿ ಅವರದ್ದಾಗಲಿ, ಆ ಮೇಜು ಆಮೇಲೆ ತೆರೀಲಿ ಅಂತ ಹೇಳಿ ನೋಡಿ.

ಸೈಕಲ್ ಸವಾರ:
ಬೇರೆ ಮೇಜು ಅನ್ನೋದೇ ನನಗೆ ಒಪ್ಪಿಗೆ ಇಲ್ಲ. ನಿಯಮ ಸಸ್ಯಾಹಾರ ಅಂತ ತಾನೆ? ನಿಯಮ ಪಾಲಿಸಿದವನನ್ನ ಮೂಲೆಗೆ ಕೂರಿಸಿದ ಹಾಗಾಯ್ತು.

ಕೆಂಡಸಂಪಿಗೆ:
ಆ ಹುಡುಗನನ್ನ ಕೇಳಿಯೇ ಮಾಡಿದ್ದು. ಅವನಿಗೆ ಬೇಜಾರಿಲ್ಲ. ಮೂಲೆಯಲ್ಲೂ ಇಡ್ತಿಲ್ಲ, ಪಾನಕದ ಪಕ್ಕ.

ಮೈಸೂರು ಪ್ರಯೋಗಶಾಲೆ:
ಚೀಟಿಯಲ್ಲಿ ಸೋಯಾ, ಪ್ಯಾಕೆಟ್ಟಿನಲ್ಲಿ ಗೋಧಿ ಅಂಟಿದ್ದರೆ ಅದನ್ನೂ, ದಪ್ಪ ಅಕ್ಷರದಲ್ಲಿ ಬರೆಸಿ. ಅಲರ್ಜಿ ಇರೋ ಮಕ್ಕಳಿರಬಹುದು. ಫ್ರೀಜರಿಂದ ತೆಗೆದು ಕರಗಿದ್ದನ್ನ ವಾಪಸ್ ಫ್ರೀಜರಿಗೆ ಇಡಬಾರದು, ಹೆಚ್ಚು ತಂದು ಉಳಿಸಿಕೊಳ್ಳಬೇಡಿ ಅಂತ ಅವನಿಗೆ ತಿಳಿಸಿ.